ಅರ್ಧ ಚೀಲ ಹುಣಸೆ ಚಿಗುರು

ನಾಗಲಿಂಗಮ್ಮ ಟೀಚರಿಗೆ ಹುಣಸೆ ಚಿಗುರೆಂದರೆ ಪ್ರಾಣ. ಯುಗಾದಿ ಹತ್ತಿರ ಬಂತೆಂದರೆ ಶಾಲೆಯ ಅಂಗಳದ ಮರ ಮೈತುಂಬ ಚಿಗುರುತ್ತಿತ್ತು. ಆ ಚಿಗುರನ್ನು ತೊಗರಿಬೇಳೆಗೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದರೆ ಆಕೆಗೆ ಆವತ್ತು ಬೇರೇನೂ ಬೇಡ. ಇದರಲ್ಲಿ ತಪ್ಪೇನಿದೆ ಹೇಳಿ? ಬಾಯಿಚಪಲ ಯಾರಿಗಿಲ್ಲ? ತಪ್ಪಾದದ್ದು ಆ ಚಿಗುರಿಗಾಗಿ ಮಗುವೊಂದನ್ನು ಮರ ಹತ್ತಿಸಿದ್ದರಲ್ಲಿ. ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಆಯಿತು.

ತೊಂಬತ್ತೆಂಟನೇ ಇಸವಿಯ ಮಾತು. ಕೋಗಳಿಯ ಆಚೆ ಒಂದು ಸಣ್ಣ ಹಟ್ಟಿ, ಅಲ್ಲೊಂದು ಎರಡು ಕೋಣೆಯ ಶಾಲೆ. ಇದ್ದವರು ಇಬ್ಬರೇ: ಹೆಡ್ಮಾಸ್ತರು ಜಂಬುನಾಥ, ಮತ್ತೆ ಕೊಟ್ಟೂರಿನಿಂದ ದಿನಾ ಬಸ್ಸಿಗೆ ಬಂದುಹೋಗುತ್ತಿದ್ದ ನಾಗಲಿಂಗಮ್ಮ. ನಾಲ್ಕನೇ ಕ್ಲಾಸಿನಲ್ಲಿ ಉಚ್ಚಂಗೆಮ್ಮ ಎಂಬ ಹುಡುಗಿ ಇದ್ದಳು. ಹದಿನಾರರ ಮಗ್ಗಿಯನ್ನು ಮೇಲಿಂದ ಕೆಳಗೂ ಕೆಳಗಿಂದ ಮೇಲಕ್ಕೂ ತಡವರಿಸದೆ ಹೇಳುವವಳು ಆ ಶಾಲೆಯಲ್ಲಿ ಅವಳೊಬ್ಬಳೇ. ಮರ ಹತ್ತುವುದರಲ್ಲೂ ಅಷ್ಟೇ ಚುರುಕು. ಕುರಿ ಸಾಕುವವರ ಮನೆ. ಮರಿಗಳಿಗೆ ಸೊಪ್ಪು ಕಡಿದು ಹಾಕುವವರ ಮಕ್ಕಳಿಗೆ ಅದನ್ನು ಯಾರಾದರೂ ಕಲಿಸಬೇಕೇ?

ಆ ಕೆಲಸ ತಪ್ಪಲಿ ಎಂದೇ ತಾಯಿ ಹೊನ್ನೂರಮ್ಮ ಗಂಡ ಮೈಲಾರಪ್ಪನ ಜೊತೆ ವಾರಗಟ್ಟಲೆ ಜಗಳಾಡಿ ಮಗಳನ್ನು ಶಾಲೆಗೆ ಹಾಕಿದ್ದಳು. ಹೆಸರು ಹಚ್ಚಿದ ದಿನ ನಾಗಲಿಂಗಮ್ಮನ ಕೈ ಹಿಡಿದುಕೊಂಡು ಹೇಳಿದ್ದಳು:

"ಟೀಚರಮ್ಮ, ನನ್ನ ಜನ್ಮ ಎಲ್ಲಾ ಕುರಿ ಹಿಂದ, ಗಿಡದ ಮ್ಯಾಲ ಹೋತ್ರಿ. ಇಕಿ ಗಿಡ ಹತ್ತಬಾರ್ದು. ಅದಕ್ಕ ನಿಮ್ಮ ಕೈಯಾಗ ಕೊಟ್ಟೀನಿ ನೋಡ್ರಿ."

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ, ನಾಗಲಿಂಗಮ್ಮನಿಗೆ ಈ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲಾ ನೆನಪಿತ್ತು. ತನ್ನ ಕೈಚೀಲದಲ್ಲಿದ್ದ ಡಬ್ಬಿ, ಕೊಡೆ ಎಲ್ಲ ತೆಗೆದು ಮೇಜಿನ ಮೇಲಿಟ್ಟು ಹುಡುಗಿಯನ್ನು ಕರೆದಳು. "ಉಚ್ಚಂಗೀ, ಇದರ ತುಂಬ ಚಿಗುರು ಕಿತ್ತು ಕೊಡ್ತೀಯೇನವ್ವಾ?"

ಕೇಳಿದ್ದೇ ತಡ, ಹುಡುಗಿ ಚೀಲ ಹೆಗಲಿಗೆ ಹಾಕಿಕೊಂಡು ಮೇಲಿನ ಟೊಂಗೆಯಲ್ಲಿದ್ದಳು. ಟೀಚರು ತನ್ನನ್ನೇ ಕರೆದು ಹೇಳಿದರಲ್ಲ ಎಂಬ ಹಿಗ್ಗು ಬೇರೆ. ಅರ್ಧ ಚೀಲ ತುಂಬಿತ್ತೋ ಇಲ್ಲವೋ, ಕಾಲಿಟ್ಟ ಒಣ ಟೊಂಗೆ ಲಟಕ್ಕೆಂದಿತು. ಬಿದ್ದಳು. ಬಲಗೈ ಮೈ ಕೆಳಗೆ ಸಿಕ್ಕಿಕೊಂಡಿತ್ತು. ನಾಗಲಿಂಗಮ್ಮ ಓಡಿಬಂದು ಎತ್ತಿದಾಗ ಹುಡುಗಿ ಅಳಲಿಲ್ಲ. ಸುತ್ತ ನೋಡಿ, "ಚೀಲ ಎಲ್ಲಿ ಬಿತ್ರಿ ಟೀಚರ್?" ಎಂದಳು.

ಮೊಣಕೈ ನೋಡನೋಡುತ್ತ ಊದಿತು. ಒದ್ದೆ ಬಟ್ಟೆ ಸುತ್ತಿದ್ದಾಯಿತು, ಸಕ್ಕರೆ ನೀರು ಕುಡಿಸಿದ್ದಾಯಿತು. ಹೊನ್ನೂರಮ್ಮ ಹಳ್ಳದ ಆಚೆ ಹೊಲದಲ್ಲಿ ಸೇಂಗಾ ಕೀಳಲು ಹೋಗಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಯಾರನ್ನಾದರೂ ಕಳಿಸಿದ್ದರೆ ಅರ್ಧ ಗಂಟೆಯಲ್ಲಿ ಬರುತ್ತಿದ್ದಳು. ಕಳಿಸಲು ಹೊರಟ ನಾಗಲಿಂಗಮ್ಮನನ್ನು ಜಂಬುನಾಥ ಮಾಸ್ತರು ಬಾಗಿಲಲ್ಲೇ ತಡೆದರು.

"ಆಕಿ ಬಂದಕೂಡ್ಲೇ ಯಾರು ಹತ್ತಿಸಿದ್ರು ಅಂತ ಕೇಳ್ತಾಳ. ಏನು ಹೇಳ್ತೀರಿ? ಊರ ಮಂದಿ ಕೂಡ್ತಾರ, ಬಿಇಓ ಆಫೀಸಿಗೆ ಅರ್ಜಿ ಹೋಕ್ಕತಿ. ನಿಮ್ಮ ನೌಕರಿ ಮಾತಿದು. ಹುಡುಗಿ ತಾನ ಹತ್ಯಾಳ ಅಂದ್ರ ಮುಗೀತು. ಸಂಜಿಗೆ ಹೆಂಗೂ ಅವರವ್ವ ಮನಿಗೆ ಬರ್ತಾಳ, ಆವಾಗ ಹೇಳಿದ್ರಾತು."

ಮಾಸ್ತರು ಕೆಟ್ಟವರೇನಲ್ಲ. ಹೆದರಿದ್ದರು, ಅಷ್ಟೇ. ನಾಗಲಿಂಗಮ್ಮನೂ ಹೆದರಿದ್ದಳು. ಹುಡುಗಿಯ ಮುಂದೆ ಮಂಡಿಯೂರಿ ಕೂತು, ಕೆದರಿದ ಕೂದಲು ಸರಿಮಾಡುತ್ತ ಹೇಳಿದಳು:

"ಅವ್ವ ಕೇಳಿದ್ರ, ನಾನ ಹತ್ತಿದ್ದೆ ಅನ್ನು. ಆತೇನ ಬಂಗಾರ?"

"ಹೂಂರಿ ಟೀಚರ್," ಎಂದಳು ಉಚ್ಚಂಗೆಮ್ಮ. ಟೀಚರು ಹೇಳಿದ್ದನ್ನು ಅವಳು ಎಂದೂ ಇಲ್ಲ ಅಂದವಳಲ್ಲ.

ನಾಲ್ಕು ತಾಸು! ಮುರಿದ ಕೈ ತೊಡೆಯ ಮೇಲಿಟ್ಟುಕೊಂಡು ಆ ಮಗು ನಾಲ್ಕು ತಾಸು ಗೋಡೆಗೆ ಒರಗಿ ಕೂತಿತ್ತು. ಉಳಿದವರು ಪದ್ಯ ಬಾಯಿಪಾಠ ಮಾಡುತ್ತಿದ್ದರು.

ಸಂಜೆ ನಾಗಲಿಂಗಮ್ಮ ತಾನೇ ಮನೆಗೆ ಕರೆದೊಯ್ದಳು. ಹೊನ್ನೂರಮ್ಮ ಆಗ ತಾನೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದವಳು ಕೊಡ ಅಲ್ಲೇ ಬಿಟ್ಟು ಬಂದಳು. ಮಗಳ ಕೈ ನೋಡಿದಳು. "ಹೆಂಗಾತಲೇ ಇದು?"

"ನಾನ ಗಿಡ ಹತ್ತಿದ್ದೆ ಯವ್ವ."

ಹೊನ್ನೂರಮ್ಮನಿಗೆ ಎಲ್ಲಿತ್ತೋ ಸಿಟ್ಟು. ಹೆದರಿಕೆಗೂ ಸಿಟ್ಟಿಗೂ ಆ ಹೊತ್ತಿನಲ್ಲಿ ವ್ಯತ್ಯಾಸವಿರಲಿಲ್ಲ. ಮಗಳ ಬೆನ್ನಿಗೆ ರಪರಪನೆ ಎರಡು ಬಿಟ್ಟಳು. "ಗಿಡ ಹತ್ತಾಕ ಶಾಲಿಗೆ ಕಳಿಸಿದ್ನೇನ? ನಿಮ್ಮಪ್ಪಗ ಏನಂತ ಮುಖ ತೋರಿಸ್ಲಿ ನಾನು?" ಆಮೇಲೆ ನಾಗಲಿಂಗಮ್ಮನ ಕಡೆ ತಿರುಗಿ ಕೈಮುಗಿದಳು. "ತಪ್ಪಾತ್ರಿ ಟೀಚರಮ್ಮ. ನಿಮಗ ತ್ರಾಸ ಕೊಟ್ಲು."

ಹುಡುಗಿ ಒಂದೇ ಒಂದು ಸಲ ಟೀಚರ ಮುಖ ನೋಡಿದಳು. ಸರಿಯಾಗಿ ಹೇಳಿದೆನಾ ಎಂದು ಕೇಳುವ ನೋಟ ಅದು, ಪಾಠ ಒಪ್ಪಿಸಿದಾಗ ನೋಡುತ್ತಿದ್ದಳಲ್ಲ, ಹಾಗೆ. ನಾಗಲಿಂಗಮ್ಮನ ನಾಲಿಗೆ ತುದಿಗೆ ಮಾತು ಬಂದಿತ್ತು. ಅಷ್ಟರಲ್ಲಿ ಐದೂವರೆಯ ಬಸ್ಸು ಹಾರ್ನ್ ಹೊಡೆಯಿತು. ಆ ಹಾಳು ಬಸ್ಸು ಬಿಟ್ಟಿದ್ದರೆ ಏನು ಮುಳುಗಿಹೋಗುತ್ತಿತ್ತು? ಏನೂ ಇಲ್ಲ. ಆದರೂ ಓಡಿಹೋಗಿ ಹತ್ತಿ ಕೂತಳು.

ಮರುದಿನ ಕಟ್ಟು ಕಟ್ಟುವ ಅಜ್ಜನ ಹತ್ತಿರ ಕರೆದೊಯ್ದರಂತೆ. ಬಿದಿರ ದಬ್ಬೆ ಇಟ್ಟು ಕಟ್ಟಿದ ಅಜ್ಜ, "ನಿನ್ನೆ ಮಧ್ಯಾಹ್ನನ ತಂದಿದ್ರ ಚಲೋ ಇತ್ತು, ಬಾವು ಏರಿಬಿಟ್ಟೈತಿ" ಅಂದನಂತೆ. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ. ಹಾಜರಿ ಕರೆಯುವಾಗ ಅವಳ ಹೆಸರು ಬಂದಲ್ಲಿ ನಾಗಲಿಂಗಮ್ಮನ ದನಿ ತಗ್ಗುತ್ತಿತ್ತು. ಅಂಗಳದ ಮರದ ಕಡೆ ನೋಡುವುದನ್ನೇ ಆಕೆ ಬಿಟ್ಟಳು. ಹೇಳಬೇಕು, ನಾಳೆ ಹೇಳಬೇಕು, ಈ ವಾರ ಹೇಳಬೇಕು ಅನ್ನುತ್ತಲೇ ತಿಂಗಳು ಕಳೆಯಿತು.

ಏಪ್ರಿಲ್ ಹತ್ತರಂದು, ಫಲಿತಾಂಶ ಓದಿ ಶಾಲೆ ಮುಚ್ಚಿದ ಮೇಲೆ, ಏನಾದರಾಗಲಿ ಎಂದು ಹೊರಟಳು. ಹೊನ್ನೂರಮ್ಮ ಕಟ್ಟೆಯ ಮೇಲೆ ಕಂಬಳಿ ಮಡಚುತ್ತಿದ್ದಳು. ಟೀಚರನ್ನು ಕಂಡು ಒಳಗೋಡಿ ಮಜ್ಜಿಗೆ ತಂದುಕೊಟ್ಟಳು. ನಾಳೆ ಕುರಿ ಹಂಪಸಾಗರದ ಕಡೆ, ಹೊಳೆದಂಡೆಗೆ ಹೊರಡುತ್ತವಂತೆ.

"ಇಕೀನೂ ಅವರಪ್ಪನ ಜತಿಗೆ ಹೊಂಟಾಳ್ರಿ," ಎಂದಳು.

"ಜೂನಿಗೆ ಶಾಲೆ ಚಾಲೂ ಆಗ್ತತಲ್ಲ ಹೊನ್ನೂರಮ್ಮ..."

"ಏನು ಮಾಡ್ಲಿ ಟೀಚರಮ್ಮ? ಗಿಡ ಹತ್ತಾಕಿ ಎಲ್ಲಿದ್ರೂ ಹತ್ತತಾಳ, ಕುರಿ ಹಿಂದಿದ್ರ ಸೊಪ್ಪಾದ್ರೂ ಬರ್ತತಿ ಅಂತಾನ ಅವರಪ್ಪ. ಇಕೀನ ತಪ್ಪು ಮಾಡಿದ ಮ್ಯಾಲ ನಾನು ಯಾವ ಬಾಯಿಲೆ ಎದುರಾಡ್ಲಿ?"

ನಾಗಲಿಂಗಮ್ಮ ಲೋಟ ಕೆಳಗಿಟ್ಟಳು. ಅಷ್ಟರಲ್ಲಿ ಹಿತ್ತಲಿಂದ ಉಚ್ಚಂಗೆಮ್ಮ ಬಂದಳು. ಟೀಚರನ್ನು ಕಂಡದ್ದೇ ಮುಖ ಅರಳಿಸಿ ಮತ್ತೆ ಒಳಗೋಡಿ, ಒಂದು ಚೀಲ ತಂದು ಎಡಗೈಯಲ್ಲಿ ಮುಂದೆ ಹಿಡಿದಳು. ಬಲಗೈ ಮೊಣಕೈ ಹತ್ತಿರ ಮಡಚಿಕೊಂಡೇ ಇತ್ತು.

"ಎಡಗೈಲೆ ಕೊಡಾಕತ್ತೀನಿ, ತಪ್ಪು ತಿಳೀಬ್ಯಾಡ್ರಿ ಟೀಚರ್. ಬಲಗೈ ಚಾಚಾಕ ಬರವಲ್ದು."

ಚೀಲದಲ್ಲಿ ಹುಣಸೆ ಚಿಗುರಿತ್ತು.

"ಆವತ್ತು ನೀವು ಚೀಲ ತುಂಬ ಕೇಳಿದ್ರಿ, ಅರ್ಧನ ಆಗಿತ್ತಲ್ರಿ. ನಾಳೆ ನಾ ಊರಾಗ ಇರಂಗಿಲ್ಲ, ಅದಕ್ಕ ಕಿತ್ತಿಟ್ಟಿದ್ದೆ. ಗಿಡ ಹತ್ತಿಲ್ರಿ, ಬಗ್ಗಿದ ಟೊಂಗ್ಯಾಗಿಂದು."

ಹೊನ್ನೂರಮ್ಮನ ಕೈಯ ಕಂಬಳಿ ಅರ್ಧ ಮಡಿಕೆಯಲ್ಲೇ ನಿಂತಿತು. ಚೀಲ ನೋಡಿದಳು, ಮಗಳನ್ನು ನೋಡಿದಳು, ಆಮೇಲೆ ಟೀಚರನ್ನು.

"ನಾನ ಹತ್ತಿಸಿದ್ದೆ ಹೊನ್ನೂರಮ್ಮ," ಎಂದಳು ನಾಗಲಿಂಗಮ್ಮ. "ಸುಳ್ಳು ಹೇಳು ಅಂತ ಕಲಿಸಿದಾಕೀನೂ ನಾನ."

ಬೈಯುತ್ತಾಳೆ, ಊರು ಕೂಡಿಸುತ್ತಾಳೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೊನ್ನೂರಮ್ಮ ಮಗಳನ್ನು ಹತ್ತಿರ ಎಳೆದುಕೊಂಡು ಅವಳ ಬೆನ್ನ ಮೇಲೆ ಕೈಯಾಡಿಸತೊಡಗಿದಳು, ಆವತ್ತು ಹೊಡೆದ ಜಾಗದಲ್ಲೇ.

"ಮುರಿದ ಕೈ ಹಿಡ್ಕಂಡು ನಿಂತಿತ್ತು ಕೂಸು. ಹೊಡದೆನಲ್ರೀ ನಾನು. ನಿಮ್ಮ ಕಣ್ಣ ಮುಂದ ಹೊಡದೆನಲ್ರೀ," ಎಂದಳು. ಮಗಳ ಬೆನ್ನಿಂದ ಕೈ ತೆಗೆಯದೆ, "ಆವತ್ತ ಹೇಳಿದ್ರ ಎರಡು ಮಾತು ಬೈತಿದ್ದೆ. ಮತ್ತೇನು ಮಾಡ್ತಿದ್ದೆ ನಿಮಗ?" ಎಂದಳು.

ನಾಗಲಿಂಗಮ್ಮನಿಗೆ ಮಗಳನ್ನು ಜೂನಿಗೆ ಕಳಿಸು ಎನ್ನಲು ನಾಲಿಗೆ ಏಳಲಿಲ್ಲ. ಎದ್ದು, ಬರಿಗೈಯಲ್ಲಿ ಅಂಗಳ ದಾಟುತ್ತಿದ್ದಳು. ಹಿಂದಿನಿಂದ ಹೊನ್ನೂರಮ್ಮ ಕರೆದಳು.

"ಟೀಚರಮ್ಮ, ಚಿಗುರು ಬಿಟ್ಟು ಹೋಗಬ್ಯಾಡ್ರಿ. ಒಂದ ಕೈಲೆ ಕಿತ್ತಾಳ, ಮುಂಜಾನಿಂದ ಹಿಡದೈತಿ."