ಎಂಟು ಟ್ಯಾಂಕರ್ ಗಂಗೆ

ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎಂಬ ಗಾದೆ ಕಟ್ಟಿದವನು ಹೈದರಾಬಾದಿನ ಗಚ್ಚಿಬೌಲಿಯ ಕಡೆ ತಲೆ ಹಾಕಿದವನಲ್ಲ. ಇಲ್ಲಿ ಹೊಳೆ ಲಾರಿಯ ಮೇಲೆ ಬರುತ್ತದೆ. ಕಂಪ್ಯೂಟರ್ ಕಂಪನಿಯವರಿಗೆಂದು ಹದಿನಾಲ್ಕು ಅಂತಸ್ತಿನ ಮನೆಗಳು ಏಳುತ್ತಿದ್ದವು. ಅವುಗಳ ಹಿಂದಿನ ತಗಡಿನ ಶೆಡ್ಡುಗಳಲ್ಲಿ ಯಾದಗಿರಿ ಕಡೆಯ ನಲವತ್ತು ಕೂಲಿ ಸಂಸಾರಗಳು. ಶೆಡ್ಡುಗಳಿಗೆಲ್ಲ ಸೇರಿ ದಿನಕ್ಕೊಂದು ಟ್ಯಾಂಕರ್, ಮನೆಗೆ ನಾಲ್ಕು ಕೊಡ. ಕುಡಿಯುವುದು, ಬೇಯಿಸುವುದು, ತೊಳೆಯುವುದು ಎಲ್ಲ ಅದರಲ್ಲೇ.

ಗದಿಗೆಮ್ಮನ ಮಗಳು ಶಿವಗಂಗಾ ಹೆತ್ತು ಇಪ್ಪತ್ತು ದಿನವಾಗಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ತವರೆಂದರೆ ಈಗ ಈ ಶೆಡ್ಡು. ಊರಲ್ಲಾಗಿದ್ದರೆ ಗದಿಗೆಮ್ಮ ಹಂಡೆಗಟ್ಟಲೆ ಬಿಸಿನೀರು ಎರೆದು, ಮಗಳ ಬೆನ್ನು ಕೆಂಪಗಾದ ಮೇಲೇ ಬಿಡುತ್ತಿದ್ದಳು. ಇಲ್ಲಿ ಎರಡು ತಂಬಿಗೆ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸುವುದೇ ಸ್ನಾನ. ಒಮ್ಮೆಯಾದರೂ ಮಗಳಿಗೆ ಮೈತುಂಬ ಎರೆಯಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು. ಇಪ್ಪತ್ತೊಂದನೆಯ ದಿನ ಬಾಣಂತಿ ಬಾವಿಗೆ ಹೋಗಿ ಗಂಗೆಯನ್ನು ಪೂಜಿಸಿ ಕೊಡ ತುಂಬಿ ತರುವುದು ಅವರ ಪದ್ಧತಿ. ಆ ನೀರಿಗೆ ಟ್ಯಾಂಕರಿನ ನಾಲ್ಕು ಕೊಡವನ್ನೂ ಸೇರಿಸಿ ಎರೆದೇ ಬಿಡುವುದು, ಅಂದಿನ ಅಡುಗೆ ಹೇಗಾದರೂ ಆಗಲಿ ಎಂದು ನಿಶ್ಚಯಿಸಿದಳು.

ಬಾವಿ ಎಲ್ಲಿಂದ ಬರಬೇಕು? ಆದರೆ ಹಿಂದಿನ ದಿನವಷ್ಟೇ ಆ ಮನೆಗಳ ಹೊಸ ಈಜುಕೊಳಕ್ಕೆ ಎಂಟು ಟ್ಯಾಂಕರ್ ನೀರು ತುಂಬಿಸಿದ್ದರು. ಔಷಧಿ ಬೆರೆಸುವುದು ಇನ್ನೂ ಬಾಕಿ ಇತ್ತು. ಆ ಕೊಳ ಅಗೆದಾಗ ಮಣ್ಣು ಹೊತ್ತವಳೇ ಗದಿಗೆಮ್ಮ. ಸೂಪರ್‌ವೈಸರ್ ವಿನಾಯಕನಿಗೆ ಕೈಮುಗಿದು ಕೇಳಿಕೊಂಡಳು. ಧಾರವಾಡದ ಕಡೆಯವನಾದ ಅವನಿಗೆ ಈ ಪೂಜೆ ಹೊಸದಲ್ಲ. "ಲಗೂನ ಮುಗಸ್ರಿ, ಯಾರರೆ ನೋಡ್ಯಾರು" ಎಂದು ಒಳಗೆ ಬಿಟ್ಟ.

ಶಿವಗಂಗಾ ಕೊಳಕ್ಕೆ ಅರಿಶಿಣ ಕುಂಕುಮ ಏರಿಸಿ, ಎಲೆ ಅಡಿಕೆ ಬಿಟ್ಟು, ಕೊಡ ತುಂಬಿ ಹೊತ್ತು ತಂದಳು. ಗಂಗಮ್ಮ ಇಲ್ಲಿಯೂ ಇದ್ದಾಳಲ್ಲ ಎಂದು ಗದಿಗೆಮ್ಮನ ಕಣ್ಣು ತುಂಬಿತು.

ಒಂದು ತಾಸಿನಲ್ಲಿ ದೊಡ್ಡ ಎಂಜಿನಿಯರ್ ಬಂದ. ನಾಳೆ ಮನೆ ಕೊಳ್ಳುವವರು ನೋಡಲು ಬರುವವರಿದ್ದರು. ಕೂಲಿಯವರು ಕೈ ಅದ್ದಿದ, ಕುಂಕುಮ ತೇಲುವ ನೀರನ್ನು ಅವರಿಗೆ ತೋರಿಸುವುದುಂಟೇ ಎಂದು ಕೂಗಾಡಿದ. ಬಲೆಯಲ್ಲಿ ಎತ್ತಿದರಾಯಿತು ಎಂದು ವಿನಾಯಕ ಹೇಳಿ ನೋಡಿದ, ಕೇಳುವವರಾರು? ಎಂಟೂ ಟ್ಯಾಂಕರ್ ನೀರನ್ನು ನೆಲದಡಿಯ ಮೋರಿಗೆ ಬಿಟ್ಟರು. ಮತ್ತೆ ತುಂಬಿಸಲು ಹುಡುಕಿದಾಗ ಏಳು ಟ್ಯಾಂಕರ್ ಸಿಕ್ಕವು. ಎಂಟನೆಯದಾಗಿ ಕೊಳಕ್ಕೆ ಹೋದದ್ದು ಶೆಡ್ಡುಗಳ ಪಾಲಿನದು.

ಸಂಜೆ ಶೆಡ್ಡುಗಳ ಮುಂದೆ ಖಾಲಿ ಕೊಡಗಳು ಸಾಲಾಗಿ ನಿಂತವು. ಯಾರೂ ಗದಿಗೆಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಅವಳು ಪೂಜೆಯ ಕೊಡವೊಂದನ್ನೇ ಇಟ್ಟುಕೊಂಡು, ಅಷ್ಟನ್ನಾದರೂ ಕಾಯಿಸಿ ಮಗಳಿಗೆ ಎರೆಯೋಣವೆಂದು ಒಲೆ ಹೊತ್ತಿಸುತ್ತಿದ್ದಾಗ ಪಕ್ಕದ ಸುವರ್ಣಾ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು.

"ಕೂಸು ನೀರಿಗೆ ಅಳಾಕತ್ತೈತಿ, ಅತ್ತಿ" ಎಂದಳು.

ಗದಿಗೆಮ್ಮ ತಂಬಿಗೆ ತುಂಬಿಸಿಕೊಟ್ಟಳು. ಸುವರ್ಣಾಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತಿಬ್ಬರು. ಕೊಡದ ತಳ ಕಂಡಿತು. ಗದಿಗೆಮ್ಮ ಮಗಳ ಮುಖ ನೋಡಲಾರದೆ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದಳು.

"ಎರಕೊಳ್ಳೂದು ನಾಳಿಗಾದ್ರೂ ಆಗ್ತೈತಿ, ಬಿಡಬೇ" ಎಂದಳು ಶಿವಗಂಗಾ. ಹೆತ್ತ ದಿನದಿಂದ ಅವಳು ದಿನವೂ ಹೇಳುತ್ತಿದ್ದುದು ಇದೇ ಮಾತು.