ಅಣ್ಣನಿಗೆ ಬಿಡಿಸಿದ ಮೂರು ಚಿತ್ರ

ಕೆರೂರಿನ ರಾಜಶ್ರೀಗೆ ಹೊಡೆದಾಟದ ಚಿತ್ರ ಬಿಡಿಸುವುದೆಂದರೆ ನೀರು ಕುಡಿದಷ್ಟು ಸಲೀಸು. ನವಿಲು, ತಾವರೆ, ಕೊಡ ಹೊತ್ತ ಹೆಣ್ಣುಮಗಳು, ಇಂಥವನ್ನು ಬಿಡಿಸು ಎಂದರೆ ಅವಳ ಕೈಯೇ ಏಳುತ್ತಿರಲಿಲ್ಲ. ಒಬ್ಬ ಇನ್ನೊಬ್ಬನ ದವಡೆಗೆ ಗುದ್ದುವುದನ್ನು ಬಿಡಿಸು ಅನ್ನಿ, ಹಲ್ಲು ಯಾವ ಕಡೆ ಹಾರಿತು ಎಂಬುದನ್ನೂ ಬಿಡುತ್ತಿರಲಿಲ್ಲ. ಕುರಿ ಸಾಕುವ ಹಣಮಪ್ಪನ ಮಗಳಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದರೆ ಜಪಾನಿನಿಂದ ಎಂದೇ ಹೇಳಬೇಕು. ನಗುವವರು ನಗಲಿ, ಅದು ನಿಜ.

ಟೊಕಿಜಿ ಎಂಬ ಮುದುಕ ಅವಳ ಗುರು. ಮಾಂಗಾ ಅನ್ನುತ್ತಾರಲ್ಲ, ಜಪಾನಿನವರ ಚಿತ್ರಕತೆ, ಅದನ್ನು ಬರೆಯುವವನು. ಅವಳು ಅವನನ್ನು ನೋಡಿದವಳಲ್ಲ; ಹೈಸ್ಕೂಲಿನಲ್ಲಿದ್ದಾಗ ಮೊಬೈಲಿನಲ್ಲಿ ಅವನ ಪುಟಗಳು ಸಿಕ್ಕವು, ಅಷ್ಟೇ. ಅವನು ಮೀನುಗಾರನ ಮಗನಂತೆ. ಹರೆಯದಲ್ಲಿ ಹೊಟ್ಟೆಪಾಡಿಗೆ ಅಗ್ಗದ ಕತ್ತಿಕಾಳಗದ ಕತೆಗಳನ್ನು ಬರೆದ. ಆಮೇಲೆ ಒಂಟಿಗೈ ಕುಸ್ತಿಪಟುವಿನ ದೊಡ್ಡ ಕತೆ ಬರೆದು ಹೆಸರಾದ. ಕೊನೆಗೆ ಒಂದು ದೋಣಿಗಾಗಿ ಇಬ್ಬರು ಅಣ್ಣತಮ್ಮಂದಿರು ಹೊಡೆದಾಡಿ ಸಾಯುವ ಕತೆ ಬರೆದು ಕಣ್ಣು ಮುಚ್ಚಿದ. ಆ ಕೊನೆಯ ಕತೆಯಲ್ಲಿ ಒಂದೇ ಒಂದು ಮಾತಿಲ್ಲ, ಬರೀ ಚಿತ್ರ. ಪೆಟ್ಟು ಕೈಯಲ್ಲಿ ಹುಟ್ಟುವುದಿಲ್ಲ, ಹಿಮ್ಮಡಿಯಲ್ಲಿ ಹುಟ್ಟುತ್ತದೆ, ಮೊದಲು ಹಿಮ್ಮಡಿ ನೋಡು ಎಂದು ಅವನು ಎಲ್ಲೋ ಹೇಳಿದ್ದನ್ನು ರಾಜಶ್ರೀ ಬಾಯಿಪಾಠ ಮಾಡಿದ್ದಳು. ಟಗರಿನ ಕಾಳಗಕ್ಕೆ ಹೋದರೆ ಎಲ್ಲರೂ ಕೊಂಬು ನೋಡುವಾಗ ಇವಳೊಬ್ಬಳು ಗೊರಸು ನೋಡುತ್ತ ನಿಲ್ಲುತ್ತಿದ್ದಳು.

ಇವಳೂ ಸಣ್ಣವಳೇನಲ್ಲ. ತಲೆ ಒಡೆದ ಟಗರೊಂದು ಸೇಡು ತೀರಿಸಿಕೊಳ್ಳುವ ಕತೆ ಬರೆದು ಫೋನಿನಲ್ಲಿ ಕಂತುಕಂತಾಗಿ ಹಾಕಿದಳು, ಎಲ್ಲೆಲ್ಲಿಯವರೋ ಓದಿದರು. ಆಮೇಲೆ ನೀರಿನ ಸರದಿಗಾಗಿ ಇಬ್ಬರು ಹೆಂಗಸರು ಕೊಡದಿಂದ ಬಡಿದಾಡುವ ಕತೆ ಬರೆದಳು. ಓದುವವರು ಹುಚ್ಚೆದ್ದು ಹೋದರು. ಎರಡನ್ನೂ ಗುರು ಬರೆದ ಹಾಗೆ ಬಲಗಡೆಯಿಂದ ಎಡಕ್ಕೆ ಬರೆದಿದ್ದಳು. ಜಪಾನಿನವರ ಪುಟ ಹಾಗೆಯೇ ಸಾಗುತ್ತದೆ, ಬಲತುದಿಯ ಚಿತ್ರ ಮೊದಲನೆಯದು. ಅವಳ ಓದುಗರಿಗೆ ಅದು ರೂಢಿಯಾಗಿತ್ತು. ಮನೆಯವರಿಗೆ ಮಾತ್ರ ಏನೂ ಗೊತ್ತಿಲ್ಲ. ಅವ್ವ ಸಾವಂತ್ರವ್ವನಿಗೆ ಅದೆಲ್ಲ ಬರೀ "ಬೊಂಬಿ". ಅಣ್ಣ ನಿಂಗರಾಜ ತಂಗಿಯನ್ನು ಯಾರಾದರೂ ಹೊಗಳಿದರೆ ಮೀಸೆ ತಿರುವುತ್ತಿದ್ದ, ಆದರೆ ಒಂದು ಪುಟವನ್ನೂ ತೆರೆದು ನೋಡಿದವನಲ್ಲ.

ಆ ವರ್ಷ ಶಿರೂರಿನ ಹೊರಗೆ ಕಾಳಗ ಇಟ್ಟಿದ್ದರು. ನಿಂಗರಾಜನ ಟಗರು ಕರಿಯನಿಗೂ ಶಿರೂರಿನ ಮಾಳಪ್ಪನ ಟಗರಿಗೂ ಜೋಡಿ ಬಿತ್ತು. ಕರಿಯ ಓಡಿ ಬಂದು ಗುದ್ದಿದ ರಭಸಕ್ಕೆ ಮಾಳಪ್ಪನ ಟಗರಿನ ಕುತ್ತಿಗೆ ಮುರಿದು ಅಲ್ಲೇ ಕಾಲು ಝಾಡಿಸಿತು. ಜನ ಒಳಗೆ ನುಗ್ಗಿದರು, ಧೂಳು ಎದ್ದಿತು. ಧೂಳು ಇಳಿಯುವಷ್ಟರಲ್ಲಿ ಇಬ್ಬರೂ ನೆಲದ ಮೇಲಿದ್ದರು. ನಿಂಗರಾಜನ ನೆತ್ತಿ ಒಡೆದು ರಕ್ತ ಕಿವಿಯೊಳಗೆ ಇಳಿಯುತ್ತಿತ್ತು. ಮಾಳಪ್ಪನ ದವಡೆ ಮುರಿದಿತ್ತು, ಒಂದು ಕಣ್ಣು ಕಣ್ಣಾಗಿ ಉಳಿದಿರಲಿಲ್ಲ.

ಯಾರು ಮೊದಲು ಹೊಡೆದರು ಎಂಬುದನ್ನು ಕಂಡವಳು ರಾಜಶ್ರೀ ಒಬ್ಬಳೇ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ನಿಂತಿದ್ದ ಅವಳಿಗೆ ಧೂಳಿಗಿಂತ ಮೊದಲು ಮಾಳಪ್ಪನ ಹಿಮ್ಮಡಿ ಎದ್ದದ್ದು ಕಂಡಿತ್ತು. ಬಡಿಗೆ ಅಣ್ಣನ ತಲೆಗೆ ಬಿತ್ತು. ಅಣ್ಣ ಕೆಳಗೆ ಬಿದ್ದು ಕಲ್ಲು ತಡಕಿದ.

ಎರಡೂ ಮನೆಯವರು ಬೀರಪ್ಪ ದೇವರ ಒಕ್ಕಲು. ಪೊಲೀಸರು ಬೇಡವೆಂದು ಹಿರಿಯರು ಗುಡಿಯಲ್ಲಿ ಕೂಡಿಸಿದರು. ಕಾಳಗದ ಕಣದಲ್ಲಿ ಮೊದಲು ಕೈ ಎತ್ತಿದವನು ತಪ್ಪುಗಾರ, ತಿರುಗಿ ಹೊಡೆದವನ ಮೇಲೆ ತಪ್ಪಿಲ್ಲ ಎಂಬುದು ಅವರಲ್ಲಿ ಮೊದಲಿನಿಂದ ಬಂದ ಮಾತು. ಆದರೆ ಮೊದಲು ಯಾರು ಎಂದು ಕೇಳಿದರೆ ಅಲ್ಲೇ ಎರಡು ಹೆಣ ಬೀಳುತ್ತವೆ ಎಂದು ಪೂಜಾರಿ ಹೆದರಿದ. ದೇವರ ಅರಿಸಿನದ ಭಂಡಾರ ತಂದು ನಡುವೆ ಇಟ್ಟ.

"ಮೊದಲ ಯಾರು ಅಂತ ಯಾರೂ ಕೇಳಬಾರ್ದು, ಯಾರೂ ಬಾಯಿ ಬಿಟ್ಟು ಹೇಳಬಾರ್ದು. ಮುಟ್ಟಿ ಆಣಿ ಮಾಡ್ರಿ."

ಎಲ್ಲರೂ ಮುಟ್ಟಿದರು. ರಾಜಶ್ರೀಯೂ ಮುಟ್ಟಿದಳು. ದವಡೆಗೆ ತಂತಿ ಕಟ್ಟಿಸಿಕೊಂಡಿದ್ದ ಮಾಳಪ್ಪ ಮುಟ್ಟಿದ, ಅವನ ತಮ್ಮ ಅಮೋಗಿ ಹಲ್ಲು ಕಚ್ಚಿಕೊಂಡು ಮುಟ್ಟಿದ. ಹಿರಿಯರ ಬುದ್ಧಿ ಇಷ್ಟೇ ನೋಡಿ, ಗಾಯದ ಮೇಲೆ ಅರಿಸಿನ ಹಚ್ಚಿದರೆ ಒಳಗಿನ ಕೀವೂ ಹೋಯಿತೆಂದು ತಿಳಿದರು.

ಕೀವು ಹೋಗಲಿಲ್ಲ. ನಿಂಗರಾಜನಿಗೆ ಆ ಹೊತ್ತಿನದು ಏನೂ ನೆನಪಿರಲಿಲ್ಲ. ತಲೆಗೆ ಬಿದ್ದ ಪೆಟ್ಟು ಎಲ್ಲವನ್ನೂ ಒರೆಸಿಬಿಟ್ಟಿತ್ತು. ಟಗರು ಓಡಿದ್ದು ನೆನಪಿದೆ, ಆಮೇಲೆ ದವಾಖಾನೆಯ ಮಂಚ. ನಡುವೆ ಒಬ್ಬ ಮನುಷ್ಯನ ಕಣ್ಣು ಹೋಗಿದೆ. ತಾನೇ ಮೊದಲು ಹೊಡೆದೆನೋ ಎಂಬ ಹುಳ ಅವನ ತಲೆಯೊಳಗೆ ಹೊಕ್ಕಿತು. ಊಟ ಸೇರದಾಯಿತು. ಗುಡಿಯ ಹೊಸ್ತಿಲು ದಾಟುವುದನ್ನು ಬಿಟ್ಟ. ಎದುರಾಳಿಯನ್ನು ಎತ್ತಿ ಒಗೆಯುವಂಥ ಆಳು ಹಗ್ಗದ ಹಾಗೆ ಸಣ್ಣಗಾದ.

"ರಾಜೀ, ನೀ ನೋಡೀದಿ. ಖರೆ ಹೇಳು, ನಾ ಮೊದಲ ಕೈ ಎತ್ತಿದ್ನೇನು?"

"ಯಣ್ಣಾ, ಭಂಡಾರ ಮುಟ್ಟೀನಿ. ಬಾಯಿಲೆ ಹೆಂಗ ಹೇಳ್ಲಿ?"

"ಹಂಗಾದ್ರ ನಾ ಹಿಂಗ ಸಾಯ್ತೇನಿ."

ಅವಳ ಬಾಯಿ ಕಟ್ಟಿದ್ದರು, ಕೈ ಕಟ್ಟಿರಲಿಲ್ಲ. ಗುರು ಮಾತಿಲ್ಲದ ಕತೆ ಬರೆದಿರಲಿಲ್ಲವೇ? ಅವಳು ಒಂದು ಹಾಳೆಯನ್ನು ಅಡ್ಡ ಹಿಡಿದು, ಸಾಲಾಗಿ ಮೂರು ಚಿತ್ರ ಬಿಡಿಸಿದಳು. ಬಲಕ್ಕೆ ಮಾಳಪ್ಪನ ಬಡಿಗೆ ಅಣ್ಣನ ತಲೆಯ ಮೇಲೆ ಬೀಳುತ್ತಿರುವುದು. ನಡುವೆ ಧೂಳು, ಕಾಲುಗಳು, ಸತ್ತ ಟಗರಿನ ಕೊಂಬು. ಎಡಕ್ಕೆ ಅಣ್ಣನ ಕೈಯ ಕಲ್ಲು ಮಾಳಪ್ಪನ ಮುಖ ಒಡೆಯುತ್ತಿರುವುದು. ಆ ಕೊನೆಯ ಚಿತ್ರದಲ್ಲಿ ಅಣ್ಣನ ರಕ್ತ ಸುರಿಯುವ ಮುಖ ತೋರಿಸಲು ಮನಸ್ಸಾಗಲಿಲ್ಲ, ಅವನನ್ನು ಬೆನ್ನಿನ ಕಡೆಯಿಂದ ಬಿಡಿಸಿದಳು. ಮೊದಲ ಚಿತ್ರದಲ್ಲಿ ಮಾಳಪ್ಪನ ಮುಖವನ್ನು ಅವನದೇ ಎತ್ತಿದ ತೋಳಿನ ಹಿಂದೆ ಮುಚ್ಚಿದಳು. ಅದಕ್ಕಿಂತ ಒಳ್ಳೆಯ ಪುಟವನ್ನು ಅವಳು ಬರೆದಿರಲಿಲ್ಲ.

ಮಾತಿಲ್ಲದೆ ತಿಳಿಯುತ್ತದೋ ಇಲ್ಲವೋ ಎಂಬ ಅನುಮಾನಕ್ಕೆ ಮೊದಲು ಯಾಸೀನನಿಗೆ ತೋರಿಸಿದಳು. ಯಾಸೀನ ಕೆರೂರ ಸಂತೆಗೆ ಟೆಂಪೋದಲ್ಲಿ ಕುರಿ ಸಾಗಿಸುವವನು, ನಿಂಗರಾಜನ ಜೀವದ ಗೆಳೆಯ. ಅವನು ಹಾಳೆಯನ್ನು ಒಮ್ಮೆ ನೋಡಿ ನಕ್ಕ.

"ಇದರಾಗ ತಿಳಿಲಾರದ್ದು ಏನೈತಿ ತಂಗಿ? ಮಾಳಪ್ಪ ಬಡಿಗಿ ಬೀಸ್ಯಾನ, ಧೂಳ ಎದ್ದೈತಿ, ನಿಂಗ್ಯಾ ಕಲ್ಲ ಹೊಡದಾನ. ಸಣ್ಣ ಹುಡುಗುರಿಗೂ ತಿಳೀತೈತಿ ಬಿಡು."

ಅವಳು ಬಾಯಿ ಬಿಡಲಿಲ್ಲ, ಆದರೆ ಮನಸ್ಸು ಹಗುರಾಯಿತು. ಆ ಸಂಜೆ ಹಾಳೆಯನ್ನು ಅಣ್ಣನ ತೊಡೆಯ ಮೇಲಿಟ್ಟು ಎದುರಿಗೆ ಕುಳಿತಳು. ನಿಂಗರಾಜ ಬಹಳ ಹೊತ್ತು ನೋಡಿದ. ಬೆರಳಿನಿಂದ ಕಲ್ಲನ್ನು ಮುಟ್ಟಿದ, ಬಡಿಗೆಯನ್ನು ಮುಟ್ಟಿದ. ಅವನ ಕಣ್ಣು ತುಂಬಿ ಬಂದವು. ಆಮೇಲೆ ಹಾಳೆಯನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಂಗಿಯ ತಲೆ ಸವರಿದ.

"ತಿಳೀತವ್ವ. ಭಾಳ ಚಲೋ ಮಾಡಿದಿ. ಇನ್ನ ನಿದ್ದಿ ಬರ್ತೈತಿ ನನಗ."

ಅಂದು ಅವನು ಎರಡು ರೊಟ್ಟಿ ಹೆಚ್ಚಿಗೆ ತಿಂದ. ಸಾವಂತ್ರವ್ವ ಮಗನ ನೆಟಿಗೆ ಮುರಿದಳು. ರಾಜಶ್ರೀ ತನ್ನ ಕಲೆಯ ಮೇಲೆ ತಾನೇ ಹೆಮ್ಮೆಪಟ್ಟು ಮಲಗಿದಳು.

ಬೆಳಿಗ್ಗೆ ನೋಡಿದರೆ ಗೂಟದಲ್ಲಿ ಕರಿಯ ಇರಲಿಲ್ಲ, ಅಣ್ಣನೂ ಇರಲಿಲ್ಲ. ಟಗರನ್ನು ಮೇಯಿಸಲು ಹೋಗಿರಬೇಕು ಎಂದುಕೊಳ್ಳುವಷ್ಟರಲ್ಲಿ ಯಾಸೀನ ಟೆಂಪೋ ತಂದು ಬಾಗಿಲಲ್ಲೇ ನಿಲ್ಲಿಸಿದ.

"ತಂಗಿ, ನಿಂಗ್ಯಾಗ ಏನ ಆಗೈತಿ? ಸ್ಟ್ಯಾಂಡಿನಾಗ ಟಂಟಂ ರಿಕ್ಷಾದಾಗ ಟಗರ ಹತ್ತಿಸ್ಕೊಂಡು ಶಿರೂರಿಗೆ ಹೊಂಟಿದ್ದ. ಯಾಕಲೇ ಅಂದ್ರ, ಮಾಳಪ್ಪಗ ತಪ್ಪಗಾಣಿಕಿ ಕೊಡಾಕ ಅಂದ. 'ನಾನ ಮೊದಲ ಹೊಡದೀನಿ, ತಂಗಿ ಚಿತ್ರ ತಗದ ತೋರ್ಸ್ಯಾಳ' ಅಂದ. ಕೇಳೂದ್ರಾಗ ಗಾಡಿ ಬಿಟ್ಟಬಿಡ್ತು. ನಾ ನೋಡಿದ ಚಿತ್ರದಾಗ ಮಾಳಪ್ಪ ಮೊದಲ ಹೊಡದಿದ್ದನಲ್ಲ?"

ರಾಜಶ್ರೀ ಟೆಂಪೋದ ಬಾಗಿಲು ಹಿಡಿದಳು.

"ಯಾಸೀನಣ್ಣಾ, ನೀ ಅದನ್ನ ಯಾವ ಕಡಿಂದ ನೋಡಿದಿ?"

"ಯಾವ ಕಡಿಂದ ಅಂದ್ರ? ಬಲಗಡಿಂದ. ಸಣ್ಣಾವ ಇದ್ದಾಗಿಂದ ಉರ್ದು ಸಾಲಿ ಕಲ್ತಾಂವ ನಾ. ನನ್ನ ಕಣ್ಣ ಆ ಕಡಿಂದನ ಹೊಂಡ್ತಾವ."

ಅವಳು ತಲೆ ತಲೆ ಬಡಿದುಕೊಂಡಳು. ನಿಂಗರಾಜ ಕಲಿತದ್ದು ಕನ್ನಡ ಶಾಲೆ. ಅವನ ಕಣ್ಣು ಎಡದಿಂದ ಹೊರಟಿವೆ. ಎಡದಿಂದ ಹೊರಟರೆ ಮೊದಲು ಕಲ್ಲು, ಆಮೇಲೆ ಧೂಳು, ಕೊನೆಗೆ ಬಡಿಗೆ. ಇಡೀ ಜಿಲ್ಲೆಯಲ್ಲಿ ಆ ಪುಟವನ್ನು ಸರಿಯಾಗಿ ಓದಬಲ್ಲವನನ್ನೇ ಹುಡುಕಿ ಮೊದಲು ತೋರಿಸಿದ್ದಳಲ್ಲ, ಎಂಥ ಜಾಣೆ! ಅಣ್ಣನಿಗೆ ಫೋನು ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಟೆಂಪೋ ಹತ್ತಿದಳು. ದಾರಿಯುದ್ದಕ್ಕೂ ಹಚ್ಚುತ್ತಲೇ ಇದ್ದಳು.

ಮಾಳಪ್ಪನ ಮನೆಯ ಮುಂದೆ ಜನ ನೆರೆದಿದ್ದರು. ನುಗ್ಗಿ ಒಳಗೆ ಹೋದರೆ ಅಂಗಳದಲ್ಲಿ ಕರಿಯ ಬಿದ್ದಿತ್ತು. ಕುತ್ತಿಗೆಗೆ ಕೊಡಲಿ ಬಿದ್ದು ತಲೆ ಒಂದಿಷ್ಟು ಚರ್ಮದಲ್ಲಿ ನೇತಾಡುತ್ತಿತ್ತು, ಕಾಲುಗಳು ಇನ್ನೂ ಒದೆಯುತ್ತಿದ್ದವು. ಅದರ ಆಚೆ ನಿಂಗರಾಜ ಮಂಡಿಯೂರಿದ್ದ. ಅವನ ಒಂದು ತೋಳು ಮೊಣಕೈ ಇಲ್ಲದ ಕಡೆ ಮಡಿಚಿತ್ತು, ಮೂಗು ಮುಖಕ್ಕೆ ಅಂಟಿತ್ತು, ಎದೆಯ ತುಂಬ ರಕ್ತ. ಅಮೋಗಿ ಅಲಗು ಕಳಚಿಬಿದ್ದ ಕೊಡಲಿಯ ಕಾವು ಹಿಡಿದು ಅವನ ಸುತ್ತ ತಿರುಗುತ್ತಿದ್ದ.

"ನೀನ ಒಪ್ಕೊಂಡಿಯಲ್ಲಲೇ? ನೀನ ಮೊದಲ ಹೊಡದೀಯಲ್ಲ? ನಮ್ಮಣ್ಣನ ಕಣ್ಣ ಎಲ್ಲೈತಲೇ?"

"ಹೊಡಿ," ಎಂದ ನಿಂಗರಾಜ. "ತಪ್ಪ ನಂದೈತಿ. ಹೊಡಿ."

ಒಂದು ಕಾಲದಲ್ಲಿ ಇಂಥ ಇಬ್ಬರನ್ನು ಒಮ್ಮೆಲೇ ನೆಲಕ್ಕೆ ಕೆಡವುತ್ತಿದ್ದವನು ಕೈ ಕೂಡ ಅಡ್ಡ ತರಲಿಲ್ಲ. ಅಂಗಳದ ಕಟ್ಟೆಯ ಮೇಲೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮಾಳಪ್ಪ ಇದನ್ನೆಲ್ಲ ಇನ್ನೊಂದು ಕಣ್ಣಿನಿಂದ ನೋಡುತ್ತ ಕೂತಿದ್ದ. ದವಡೆಗೆ ತಂತಿ ಇತ್ತು, ಒಪ್ಪೋಣ. ಹಲ್ಲಿನ ಸಂದಿಯಿಂದ ಹಾಲು ಇಳಿಯುತ್ತಿತ್ತು, ನಾಲ್ಕು ಮಾತೂ ಹೊರಗೆ ಬರಬಹುದಿತ್ತು. ಕೈ ಎತ್ತಿ ಬೇಡ ಅನ್ನಲಂತೂ ಯಾವ ತಂತಿಯೂ ಅಡ್ಡ ಇರಲಿಲ್ಲ. ಅವನು ಎತ್ತಲಿಲ್ಲ.

ರಾಜಶ್ರೀ ಕಿರುಚಿದಳು.

"ಅಂವ ಮೊದಲಲ್ಲ! ಮಾಳಪ್ಪ ಮೊದಲ ಹೊಡದಾನ! ನಾ ನೋಡೀನಿ! ಮಾಳಪ್ಪನ ಮೊದಲ!"

ಭಂಡಾರ ಮುಟ್ಟಿದವಳು ಬಾಯಿ ಬಿಟ್ಟಳೆಂದು ಹೆಂಗಸರು ಎದೆ ಹಿಡಿದುಕೊಂಡರು. ಅವಳಿಗೆ ದೇವರೂ ಬೇಕಾಗಿರಲಿಲ್ಲ, ಭಂಡಾರವೂ ಬೇಕಾಗಿರಲಿಲ್ಲ. ಅಮೋಗಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಅಭ್ಯಾಸಬಲದಿಂದ ಅವನ ಪಾದಕ್ಕೆ ಇಳಿಯಿತು. ಬಲ ಹಿಮ್ಮಡಿ ನೆಲ ಬಿಟ್ಟು ಎದ್ದಿತ್ತು. ಪೆಟ್ಟು ಎಲ್ಲಿಗೆ ಬೀಳುತ್ತದೆ ಎಂದು ಅಲ್ಲಿದ್ದ ಎಲ್ಲರಿಗಿಂತ ಮೊದಲು ಅವಳಿಗೆ ತಿಳಿಯಿತು, ಹಳೆಯ ಗಾಯದ ಮೇಲೆಯೇ ಎಂದು. ಅವಳು ಹಾರಿ ಅಡ್ಡ ಬೀಳುವ ಮೊದಲೇ ಅದು ಬಿತ್ತು. ಒಣ ಕುಂಬಳಕಾಯಿ ಒಡೆದ ಹಾಗೆ ಸಪ್ಪಳವಾಯಿತು. ಎರಡನೆಯ ಪೆಟ್ಟು ಅವಳ ಭುಜಕ್ಕೆ ಬಿತ್ತು.

"ಕೇಳಲೇ ನಿಮ್ಮಣ್ಣನ್ನ!" ಅಣ್ಣನ ಮೇಲೆ ಕವಿದುಕೊಂಡೇ ಅವಳು ಕೂಗಿದಳು. "ಕಟ್ಟಿ ಮ್ಯಾಲ ಕುಂತಾನಲ್ಲ, ಅವನ್ನ ಕೇಳು!"

ಅಮೋಗಿ ಏದುಸಿರು ಬಿಡುತ್ತ ಕಟ್ಟೆಯ ಕಡೆ ನೋಡಿದ. ಅಲ್ಲಿದ್ದವರೆಲ್ಲ ನೋಡಿದರು. ಮಾಳಪ್ಪ ಉಳಿದ ಆ ಒಂದು ಕಣ್ಣನ್ನು ನೆಲಕ್ಕೆ ಇಳಿಸಿದ.

ಅಮೋಗಿಯ ಕೈಯಿಂದ ಕಾವು ಜಾರಿತು. ಯಾಸೀನ ನಿಂಗರಾಜನ ಹೆಗಲಿಗೆ ಕೈ ಕೊಟ್ಟು ಎತ್ತಲು ಬಗ್ಗಿದಾಗ ಕಾಲು ಹಿಡಿದವನು ಅಮೋಗಿಯೇ. ರಾಜಶ್ರೀ ಅವನ ಮುಖಕ್ಕೆ ಉಗಿದಳು. ಅವನು ಒರೆಸಿಕೊಳ್ಳದೆ ಕಾಲು ಹಿಡಿದುಕೊಂಡೇ ನಡೆದ.

ಟೆಂಪೋದ ಹಿಂದೆ, ಕುರಿಗಳಿಗೆ ಹಾಸಿದ್ದ ಹುಲ್ಲಿನ ಮೇಲೆ, ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಯಾಸೀನ ಹಾರ್ನ್ ಬಡಿಯುತ್ತ ಬಾಗಲಕೋಟೆಯ ಕಡೆ ಓಡಿಸಿದ. ರಕ್ತ ಒತ್ತಿ ಹಿಡಿಯಲೆಂದು ಅಣ್ಣನ ಅಂಗಿ ಹರಿದಾಗ ಕಿಸೆಯಿಂದ ಆ ಹಾಳೆ ಬಂತು. ಮಡಿಕೆಯ ಒಳಗೆ ಮೂರು ಚಿತ್ರಗಳೂ ಸ್ವಚ್ಛವಾಗಿದ್ದವು.

ಸ್ವಲ್ಪ ದೂರ ಹೋದ ಮೇಲೆ ನಿಂಗರಾಜ ಕಣ್ಣು ತೆರೆದ. ಅಂಗಳದಲ್ಲಿ ಅವಳು ಕೂಗಿದ್ದು ಅವನ ಕಿವಿಗೆ ಬಿದ್ದೇ ಇರಲಿಲ್ಲ ಎಂಬುದು ಅವನ ಮಾತಿನಲ್ಲೇ ತಿಳಿಯಿತು.

"ರಾಜೀ... ನಾ ಮಾಡಿದ ತಪ್ಪ ತೀರಿತಲ್ಲ? ಅವರ ಮನ್ಯಾಗ ಹೋಗಿ, ಅವರ ಕೈಲೇ ಹೊಡಸ್ಕೊಂಡ್ನಿ. ಈಗ ಸಮ ಆತಲ್ಲ?"

ರಾಜಶ್ರೀ ಅವನ ಬೆರಳು ಹಿಡಿದು ಬಲಗಡೆಯ ಚಿತ್ರದ ಮೇಲಿಟ್ಟರೆ ಸಾಕಿತ್ತು. ಇದು ಮೊದಲು ಅಣ್ಣ, ನಿನ್ನ ತಪ್ಪೇನೂ ಇರಲಿಲ್ಲ. ಅಷ್ಟು ಹೇಳಿದರೆ ಅವನು ನಿರಪರಾಧಿಯಾಗಿ ಹೋಗುತ್ತಿದ್ದ. ಆದರೆ ತೋಳು ಮುರಿಸಿಕೊಂಡದ್ದು, ಮಗನ ಹಾಗೆ ಸಾಕಿದ ಟಗರನ್ನು ಕೊಡಲಿಗೆ ಕೊಟ್ಟದ್ದು, ಎಲ್ಲ ಸುಳ್ಳಿಗೆ, ಯಾವ ಕಡೆಯಿಂದ ಓದಬೇಕೆಂದು ತಂಗಿ ಹೇಳಿಕೊಡದ ಒಂದು ಹಾಳೆಗೆ ಎಂದು ತಿಳಿದು ಹೋಗುತ್ತಿದ್ದ. ಅವನ ಒಡೆದ ಮುಖದಲ್ಲಿ ಬಹಳ ಕಾಲದ ಮೇಲೆ ನೆಮ್ಮದಿ ಕಾಣುತ್ತಿತ್ತು. ಅವನು ಕೇಳಿದ ನಿಜವನ್ನೇ ಅವಳು ಬಿಡಿಸಿದ್ದಳು. ಈಗ ಆ ನಿಜವನ್ನು ಕೊಡಲು ಅವಳ ಕೈ ಏಳಲಿಲ್ಲ.

"ನೀ ತಗದು ತೋರ್ಸಿದ್ದು ಭಾಳ ಚಲೋ ಆತು ತಂಗಿ," ಎಂದ ಅವನು. "ಇಲ್ಲಂದ್ರ ನನಗ ತಿಳೀತಿರಲಿಲ್ಲ. ಹೇಳು, ಸಮ ಆತಿಲ್ಲೋ?"

"ಸಮ ಆತಣ್ಣ," ಎಂದಳು ರಾಜಶ್ರೀ. "ಎಲ್ಲಾ ತೀರಿತು. ಮಲಕೋ."

ಅವನು ತಲೆಯಾಡಿಸಿ ಕಣ್ಣು ಮುಚ್ಚಿದ. ಬಾಗಲಕೋಟೆಯ ಮನೆಗಳು ಕಾಣುವ ಮೊದಲೇ ಅವನ ಉಸಿರು ನಿಂತಿತು. ಅವಳು ಹಾಳೆಯನ್ನು ಮುಷ್ಟಿಯಲ್ಲಿ ಮುದ್ದೆ ಮಾಡಿ ಹಿಡಿದುಕೊಂಡೇ ಕುಳಿತಿದ್ದಳು, ಅವನು ಇನ್ನೊಮ್ಮೆ ಎದ್ದು ಎಲ್ಲಿ ನೋಡಿಬಿಡುತ್ತಾನೋ ಎಂಬ ಹಾಗೆ.