ಅಕ್ಕಿ ಡಬ್ಬಿಯೊಳಗಿನ ಜೋರು ಮಾತ್ರೆ

ನನ್ನ ಗಂಡ ನವೀನನ ಮೂಗಿನ ಆಪರೇಷನ್ ಆದ ದಿನ ನನಗಾದಷ್ಟು ಖುಷಿ ನಮ್ಮ ಮದುವೆಯ ದಿನವೂ ಆಗಿರಲಿಲ್ಲ.

ಹೋದ ವರ್ಷ ಇದೇ ಡಾಕ್ಟರು ನನ್ನ ಮೂಗಿನ ಸೊಟ್ಟ ಮೂಳೆ ಸರಿಮಾಡಿದ್ದರು. ಹೊತ್ತುಹೊತ್ತಿಗೆ ಪ್ಯಾರಸಿಟಮಾಲ್, ನೋವು ತಡೆಯಲಾಗದಿದ್ದರೆ ಮಾತ್ರ ಇನ್ನೊಂದು ಜೋರು ಮಾತ್ರೆ ಎಂದು ಬರೆದುಕೊಟ್ಟಿದ್ದರು. ಕುಶಾಲನಗರದ ಮೆಡಿಕಲ್ ಶಾಪಿನಲ್ಲಿ ನವೀನ ಎರಡನೆಯದನ್ನು ಬೇಡವೆಂದ. "ಮೂಗಿಗೆಲ್ಲ ಅದ್ಯಾಕೆ? ಪ್ಯಾರಸಿಟಮಾಲೇ ಸಾಕು." ಮನೆಗೆ ಬಂದು ಆ ಮಾತ್ರೆ ಶೀಟನ್ನು ಅಡುಗೆಮನೆಯ ಫ್ರಿಜ್ ಮೇಲೆ ಎಸೆದು ಶುಂಠಿ ತೊಳೆಯುವ ಕಣಕ್ಕೆ ಹೋದವನು ಕತ್ತಲಾದ ಮೇಲೆ ಬಂದ. ನಾನು ಎರಡೂ ಹೊಳ್ಳೆಗೆ ಹತ್ತಿ ತುರುಕಿಸಿಕೊಂಡು, ಬಾಯಲ್ಲಿ ಉಸಿರಾಡುತ್ತಾ, ಎದ್ದರೆ ತಲೆ ಸುತ್ತಿ ಬೀಳುವಂತಾಗಿ ನರಳುತ್ತಿದ್ದೆ. "ಎಷ್ಟ್ ನಾಟ್ಕ ಮಾಡ್ತೀಯೇ" ಎಂದು ಹೊದಿಕೆ ಎತ್ತಿಕೊಂಡು ಹಾಲಿಗೆ ಹೋಗಿ ಮಲಗಿದ. ಆ ಮಾತನ್ನು ನಾನು ಮರೆಯಲಿಲ್ಲ, ಮರೆಯುವವಳೂ ಅಲ್ಲ.

ಈ ಸಲ ಚೀಟಿ ನನ್ನ ಕೈಗೆ ಬಂತು. ಅವೇ ಎರಡು ಮಾತ್ರೆ. ಎರಡನ್ನೂ ಕೊಂಡು, ಜೋರು ಮಾತ್ರೆಯನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟೆ. ಅವನು ನೋವಿಗೆ ಗೋಗರೆಯಬೇಕು, ಆಗ ಅವನ ಮಾತನ್ನೇ ಅವನ ಮುಖಕ್ಕೆ ಎಸೆಯಬೇಕು. ಅದಕ್ಕೇ ಕಾದಿದ್ದೆ.

ಆದರೆ ನನ್ನ ಹಾಳು ಅಭ್ಯಾಸ ಬಿಡಬೇಕಲ್ಲ. ಎರಡು ದಿಂಬಿಟ್ಟು ಒರಗಿಸಿದೆ. ಗಂಜಿ ಕುಡಿಸಿ ಪ್ಯಾರಸಿಟಮಾಲ್ ಕೊಟ್ಟೆ, ಹೊತ್ತು ತಪ್ಪದಂತೆ ಎಬ್ಬಿಸಿ ಮತ್ತೆ ಕೊಟ್ಟೆ. ಬಟ್ಟೆಯಲ್ಲಿ ಐಸ್ ಸುತ್ತಿ ಕೆನ್ನೆಗೆ ಹಿಡಿದೆ. ಮಾರನೆಯ ದಿನ ಮಧ್ಯಾಹ್ನ ಅವನು ಊದಿದ ಮುಖದಲ್ಲೇ ನಕ್ಕ.

"ನೋಡ್ದಾ? ಅವತ್ತೇ ಹೇಳಿರ್ಲಿಲ್ವಾ? ಬರೀ ಪ್ಯಾರಸಿಟಮಾಲೇ ಸಾಕು. ನಂಗೆ ನೋವೇ ಇಲ್ಲ. ನೀನ್ ಸುಮ್ನೆ ಊರೆಲ್ಲಾ ಒಂದ್ ಮಾಡ್ಬಿಟ್ಟಿದ್ದೆ."

ನನ್ನ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಅವನು ಹೇಳಿದ್ದು ನಿಜ. ನನಗೂ ಅದೇ ಮಾತ್ರೆ ಸಾಕಾಗುತ್ತಿತ್ತು, ಫ್ರಿಜ್ ಮೇಲಿಂದ ಅದನ್ನು ತಂದುಕೊಡುವವರು ಒಬ್ಬರಿದ್ದಿದ್ದರೆ.

ಅವನ ಮಾತ್ರೆ ಶೀಟು ಒಯ್ದು ಫ್ರಿಜ್ ಮೇಲೆ ಎಸೆದೆ. ಅಕ್ಕಿ ಡಬ್ಬಿಯಿಂದ ಜೋರು ಮಾತ್ರೆಯನ್ನೂ ತೆಗೆದು ಪಕ್ಕದಲ್ಲಿಟ್ಟೆ. ಬ್ಯಾಗಿಗೆ ಬಟ್ಟೆ ತುಂಬಿಕೊಂಡೆ.

"ಎಲ್ಲಿಗ್ ಹೊಂಟೆ?"

"ಚೆಟ್ಟಳ್ಳಿಗೆ, ಅಮ್ಮನ ಮನೆಗೆ."

"ಮತ್ತೆ ನಂಗ್ ಮಾತ್ರೆ ಯಾರ್ ಕೊಡ್ತಾರೆ?"

"ಫ್ರಿಜ್ ಮೇಲವೆ, ಎರಡು ಥರದ್ದೂ. ಯಾವ್ದು ಬೇಕೋ ಎದ್ದು ತಗೊಳ್ಳಿ."

ಎದ್ದು ನಿಂತವನು ಹಾಗೇ ಮಂಚಕ್ಕೆ ಕುಸಿದ. "ಅಯ್ಯೋ, ರಂಜೀ, ತಲೆ ಸುತ್ತತೈತೆ ಕಣೇ!"

"ಎಷ್ಟ್ ನಾಟ್ಕ ಮಾಡ್ತೀರ್ರೀ" ಎಂದು ಬಾಗಿಲೆಳೆದುಕೊಂಡೆ.